ಗಡಿ ಮುಚ್ಚಿದ ವರ್ಷದ ಮೊಟ್ಟೆ ಹಾಳೆ

1989ರ ಮಾರ್ಚ್ 23ರಂದು ಭಾರತ ಮತ್ತು ನೇಪಾಳದ ನಡುವಿನ ವ್ಯಾಪಾರ ಹಾಗೂ ಸಾಗಣೆ ಒಪ್ಪಂದಗಳ ಅವಧಿ ಮುಗಿಯಿತು. ಎರಡು ದಾರಿಗಳನ್ನು ಬಿಟ್ಟು ಗಡಿಯ ಉಳಿದ ಸರಕು ದಾರಿಗಳು ಮುಚ್ಚಿದವು. ಏಪ್ರಿಲ್ ಮೊದಲ ವಾರ, ತೆರೆದಿದ್ದ ಎರಡರಲ್ಲಿ ಒಂದಾದ ರಕ್ಸೌಲ್ ಮೂಲಕ ನಾನು ನೇಪಾಳಕ್ಕೆ ಹೋದೆ. ಸೈಕಲ್ ರಿಕ್ಷಾದಲ್ಲಿ, ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಗಡಿ ದಾಟಿದೆ. ನನ್ನನ್ನು ಯಾರೂ ತಡೆಯಲಿಲ್ಲ. ಲಾರಿಗಳು ಮಾತ್ರ ಸಾಲಾಗಿ ನಿಂತಿದ್ದವು.

ಕಠ್ಮಂಡುವಿನಲ್ಲಿ ಮೊದಲ ಬೆಳಿಗ್ಗೆ ಎಚ್ಚರವಾದಾಗ ಕಿವಿ ಕೆಟ್ಟಿತೇನೋ ಅಂದುಕೊಂಡೆ. ಅದು ಒಂದು ದೇಶದ ರಾಜಧಾನಿ, ಆದರೆ ಪೆಟ್ರೋಲ್ ಸಿಗದೆ ರಸ್ತೆಯಲ್ಲಿ ಒಂದು ಮೋಟಾರಿನ ಸದ್ದೂ ಇರಲಿಲ್ಲ. ಮಂಜಿನೊಳಗಿಂದ ಸೈಕಲ್ ಬೆಲ್ಲು ಬರುತ್ತಿತ್ತು, ಸೈಕಲ್ ಕಾಣುತ್ತಿರಲಿಲ್ಲ. ಪಾರಿವಾಳಗಳು ಒಟ್ಟಿಗೆ ಎದ್ದಾಗ ರೆಕ್ಕೆಯ ಸದ್ದು ಗೋಡೆಯಿಂದ ಗೋಡೆಗೆ ಬಡಿಯುತ್ತಿತ್ತು. ಶಿಡ್ಲಘಟ್ಟದಲ್ಲಿ ಬೆಳಕು ಹರಿಯುವ ಮೊದಲೇ ಬೆಂದ ರೇಷ್ಮೆಹುಳುವಿನ ವಾಸನೆ ಹಾಸಿಗೆಗೆ ಬಂದು ಎಬ್ಬಿಸುತ್ತದೆ, ಚರಕ ತಿರುಗುತ್ತಿರುತ್ತದೆ. ಇಲ್ಲಿ ನನ್ನನ್ನು ಎಬ್ಬಿಸಿದ್ದು ಮೌನ.

ನಾನು ದಿಬ್ಬೂರಹಳ್ಳಿಯವಳು. ಅಮ್ಮ ಶಿಡ್ಲಘಟ್ಟದ ರಹಮತ್ ಸಾಬರ ಚರಕದಲ್ಲಿ ಇಪ್ಪತ್ತು ವರ್ಷ ಗೂಡಿನಿಂದ ನೂಲು ತೆಗೆದವಳು. ನಾನು ಅದನ್ನೇ ಡಿಪ್ಲೊಮಾ ಮಾಡಿ ಕಲಿತೆ. ನಾನು ಹೊರಟಿದ್ದು ಕಠ್ಮಂಡುವಿನಿಂದ ಪೂರ್ವಕ್ಕೆ, ಬಸ್ ನಿಲ್ಲುವ ಕಡೆಯಿಂದ ಎರಡು ತಾಸು ನಡೆದರೆ ಸಿಗುವ ಒಂದು ಬೆಟ್ಟದ ಹಳ್ಳಿಗೆ. ಅಲ್ಲಿನ ಸಣ್ಣ ಸಹಕಾರ ಸಂಘಕ್ಕೆ ತನ್ನದೇ ನೂಲು ತೆಗೆಯುವ ಆಸೆಯಿತ್ತು. ನೂಲು ತೆಗೆಯುವುದನ್ನು ಕಲಿಸಲು ರಹಮತ್ ಸಾಬರನ್ನು ಕರೆಸಿದ್ದರು, ಅವರು ನನ್ನನ್ನೂ ಕರೆದುಕೊಂಡು ಹೋದರು. "ನಮ್ ಹುಡ್ಗಿ ಬರ್ತಾಳೆ ಅಂದ್ರೇನೇ ನಾನ್ ಬರೋದು" ಎಂದು ಪತ್ರ ಬರೆಸಿದ್ದರಂತೆ.

ಮನೆ ಸಿಕ್ಕಿದ್ದು ಸಾನುಮಾಯಾಳ ಮಹಡಿಯಲ್ಲಿ. ಅವಳು ಬುದ್ಧನನ್ನು ಪೂಜಿಸುವ ತಾಮಾಂಗ್ ಜನದ ಹೆಣ್ಣುಮಗಳು, ಸಂಘಕ್ಕೆ ಹುಳು ಸಾಕುವವಳು. ಗಂಡ ಮಲೆಯಾಚೆ ಎಲ್ಲೋ ದುಡಿಯುತ್ತಿದ್ದ, ಮಾವ ಜೊತೆಯಲ್ಲಿದ್ದ. ಕೆಳಗೆ ಮೇಕೆ, ನಡುವೆ ಒಲೆ, ಮೇಲೆ ನಾನು. ಬಾಗಿಲುಗಳು ಎಷ್ಟು ತಗ್ಗೆಂದರೆ ಮೊದಲ ವಾರ ನನ್ನ ಹಣೆ ದಿನಕ್ಕೆರಡು ಬಾರಿ ಮರಕ್ಕೆ ಬಡಿಯುತ್ತಿತ್ತು. ಊಟಕ್ಕೆ ಢಿಂಡೋ ಬಡಿಸಿದಳು. ಕೋಡೋ ಎಂಬ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿದ್ದು. ಬಾಯಿಗಿಟ್ಟೆ, ಅದು ರಾಗಿ. ಮುದ್ದೆ ಕಟ್ಟದ ಮುದ್ದೆ. ನಾನು ಅದನ್ನು ಉಂಡೆ ಮಾಡಿ ಅಗಿಯದೆ ನುಂಗಿದ್ದನ್ನು ನೋಡಿ ಮಾವ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕ.

ಭಾಷೆ ಕಷ್ಟವಾಗಲಿಲ್ಲ. ನಮ್ಮ ಕಡೆ ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅವರಿಗೆ ಮನೆಯಲ್ಲಿ ತಾಮಾಂಗ್, ಹೊರಗೆ ನೇಪಾಳಿ. ಸಾನುಮಾಯಾ ನನ್ನನ್ನು ದಿದಿ, ಅಂದರೆ ಅಕ್ಕ, ಎಂದಳು. ಹಿಪ್ಪುನೇರಳೆಗೆ ಅವರು ಕಿಂಬು ಅನ್ನುತ್ತಾರೆ. ನಮ್ಮಲ್ಲಿ ಅದು ವರ್ಷವಿಡೀ ಹಸಿರು, ಕಡಿದ ಹಾಗೆಲ್ಲ ಚಿಗುರುತ್ತದೆ. ಇಲ್ಲಿ ಚಳಿಗೆ ಎಲೆಯೆಲ್ಲ ಉದುರಿಸಿ, ಬೂದುಬಣ್ಣದ ಕೋಲಾಗಿ ತಿಂಗಳುಗಟ್ಟಲೆ ನಿಲ್ಲುತ್ತದಂತೆ.

ಆ ವಸಂತದ ಹುಳುಗಳು ಭಾರತದ ಮೊಟ್ಟೆಯಿಂದ ಬಂದವು. ಗಡಿ ಮುಚ್ಚುವ ಮೊದಲೇ ಬಂದಿದ್ದ, ಮೊಟ್ಟೆ ಅಂಟಿದ ಕಾಗದದ ಹಾಳೆಗಳು. ಮೇ ತಿಂಗಳಲ್ಲಿ ಗೂಡು ಕಟ್ಟಿದವು. ಗೂಡು ಬಿಡಿಸಿದ ಕೆಲವೇ ದಿನಗಳಲ್ಲಿ ಹಬೆ ಹಾಯಿಸಿ ಒಳಗಿನ ಹುಳುವನ್ನು ಕೊಲ್ಲಬೇಕು. ಇಲ್ಲದಿದ್ದರೆ ಅದು ಚಿಟ್ಟೆಯಾಗಿ ತೂತು ಮಾಡಿ ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಹಬೆಗೆ ಸೀಮೆಎಣ್ಣೆ ಬೇಕಿತ್ತು. ನಾನು ಪೇಟೆಗೆ ಹೋಗಿ ಸಾಲಿನಲ್ಲಿ ನಿಂತೆ. ಮುಂದಿದ್ದ ಒಬ್ಬ ಹಿರಿಯ ತಿರುಗಿ ನೋಡಿ ಕೇಳಿದ.

"ಯಾವೂರು?"

"ಇಂಡಿಯಾ."

"ನಿಮ್ಮೋರೇ ಮುಚ್ಚಿದ್ದು. ನೀನೂ ಬಂದು ನಮ್ಮ ಸಾಲಲ್ಲೇ ನಿಂತಿದೀಯಲ್ಲ, ನಿಂತ್ಕೋ."

ಕೋಪದಿಂದ ಹೇಳಲಿಲ್ಲ, ಪಕ್ಕಕ್ಕೆ ಸರಿದು ನೆರಳಿನಲ್ಲಿ ಜಾಗವನ್ನೂ ಕೊಟ್ಟ. ನಮ್ಮ ಮನೆಯಲ್ಲಿ, ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರು ನಡೆಸಿದ ವಿದುರಾಶ್ವತ್ಥದ ಗೋಲೀಬಾರಿನ ಕಥೆಯನ್ನು ತಾತ ಪ್ರತಿ ಆಗಸ್ಟಿನಲ್ಲಿ ಹೇಳುತ್ತಿದ್ದರು. ಆ ಕಥೆಯಲ್ಲಿ ನಾವು ಯಾವಾಗಲೂ ಸಣ್ಣವರ ಕಡೆ. ಆ ಸಾಲಿನಲ್ಲಿ ನಾನು ಮೊದಲ ಸಲ ದೊಡ್ಡವರ ಕಡೆಯವಳಾಗಿ ನಿಂತಿದ್ದೆ. ಕ್ಯಾನು ಖಾಲಿಯಾಗಿಯೇ ವಾಪಸಾಯಿತು.

ಹಿಪ್ಪುನೇರಳೆ ಕಡ್ಡಿ, ಮುರಿದ ಏಣಿ, ಜೋಳದ ದಂಟು, ಸಿಕ್ಕಿದ್ದನ್ನೆಲ್ಲ ಸೇರಿಸಿದರೂ ಎಲ್ಲ ಗೂಡಿಗೂ ಆಗುವಷ್ಟು ಬೆಂಕಿ ಇರಲಿಲ್ಲ. ಕೆಲವನ್ನು ಬಿಡಲೇಬೇಕು. ಯಾವುದನ್ನು ಬಿಡುವುದೆಂದು ಜಗಳ ಹತ್ತಿತು. ರಹಮತ್ ಸಾಬರು ಗಟ್ಟಿ ಗೂಡುಗಳನ್ನು ಹಬೆಗೆ ಆರಿಸುತ್ತಾ ಹೋದರೆ, ಸಾನುಮಾಯಾ ಅವೇ ಗೂಡುಗಳನ್ನು ಬುಟ್ಟಿಯಿಂದ ತೆಗೆದು ತನ್ನ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ಏ ಏ, ಏನಮ್ಮ ಇದು? ಚಿನ್ನದಂಥ ಗೂಡು. ಇದಕ್ಕೆ ತೂತು ಬಿದ್ರೆ ಕಸ ಕಣಮ್ಮ, ಕಸ! ಹೇಳು ಇವಳ್ಗೆ" ಎಂದು ಸಾಬರು ನನ್ನ ಕಡೆ ತಿರುಗಿದರು.

ಸಾನುಮಾಯಾ ನೇಪಾಳಿಯಲ್ಲಿ ಹೇಳಿದ್ದು ಇಷ್ಟು: ಮುಂದಿನ ವರ್ಷ ಗಡಿ ತೆರೆಯದಿದ್ದರೆ ಮೊಟ್ಟೆ ಎಲ್ಲಿಂದ ತರುತ್ತೀರಿ? ಹುಳು ಬರದಿದ್ದರೆ ಮಾವ ಕಿಂಬು ಕಿತ್ತು ಜೋಳ ಬಿತ್ತುತ್ತಾನೆ. ಆ ತೋಟ ಒಂದೇ ನನ್ನ ಹೆಸರಿನ ದುಡಿಮೆ.

ನಾನು ಅದನ್ನು ಸಾಬರಿಗೆ ಹೇಳಿದೆ. ಅವರು ಗಡ್ಡ ಸವರಿಕೊಂಡರು. "ಶಿಡ್ಲಘಟ್ಟದಲ್ಲಿ ಯಾವನಾದ್ರೂ ಸ್ವಂತ ಮೊಟ್ಟೆ ಇಡ್ಸಿದ್ ನೋಡಿದ್ದೀಯಾ? ರೋಗ ಬಂದ್ರೆ ಮನೆಗಳೇ ಖಾಲಿ. ಅದೂ ಅಲ್ದೆ ಇವು ಮಿಶ್ರತಳಿ. ಮಕ್ಳು ಅಪ್ಪನ ಹಂಗೂ ಇರಲ್ಲ, ಅಮ್ಮನ ಹಂಗೂ ಇರಲ್ಲ."

"ನಿಮ್ ಮಕ್ಳಿದಾರಾ ಸಾಬ್ರೇ ನಿಮ್ ಹಂಗೆ?" ಎಂದೆ.

"ಬಾಯ್ ನೋಡು ಇವಳ್ದು. ತಗೊಳ್ಳಿ, ಒಂದ್ ಬುಟ್ಟಿ. ಒಂದೇ."

ಆ ಸಂಜೆ ಸಾನುಮಾಯಾ ನನ್ನ ಟ್ರಂಕಿನಲ್ಲಿದ್ದ ಬುದ್ಧನ ಪಟ ನೋಡಿದಳು. "ದಿದಿ, ನೀನೂ ಬುದ್ಧನ ಕಡೆಯವಳಾ? ಮತ್ತೆ ಹುಳು ಬೇಯಿಸ್ತೀಯಲ್ಲ?" ನಮ್ಮಮ್ಮ ಹುಳು ಬೇಯಿಸಿಯೇ ನನ್ನನ್ನು ಓದಿಸಿದಳು ಎಂದೆ. ಅವಳು ಪಟವನ್ನು ಮತ್ತೆ ಟ್ರಂಕಿನಲ್ಲಿಟ್ಟು, "ಹಾಗಾದ್ರೆ ಬೇಯಿಸದೆ ಬಿಟ್ಟ ಈ ಒಂದು ಬುಟ್ಟಿ ನಿನ್ನ ಕಡೆಯಿಂದ" ಎಂದಳು.

ಚಿಟ್ಟೆಗಳು ಹೊರಬಂದವು. ಬಿಳಿಯವು, ಹಾರಲಾರದವು, ಅರ್ಧ ಬೆಳಕಿನಲ್ಲಿ ರೆಕ್ಕೆ ನಡುಗಿಸುತ್ತಾ ಕೋಣೆಯ ತುಂಬ ಸಣ್ಣ ಗಾಳಿ ಎಬ್ಬಿಸಿದವು. ಒಂದೊಂದು ತಾಯಿಚಿಟ್ಟೆಯನ್ನೂ ಕಾಗದದ ಮೇಲೆ ಬೇರೆ ಬೇರೆಯಾಗಿ ಬಟ್ಟಲು ಮುಚ್ಚಿ ಇಟ್ಟೆವು. ಹುಳುವಿನ ಮೊಟ್ಟೆ ತಯಾರಿಸುವ ಬೀಜಾಗಾರವೊಂದರಲ್ಲಿ ನಾನು ಒಂದು ತಿಂಗಳು ಕೆಲಸ ಮಾಡಿದ್ದೆ. ಪೇಟೆಯ ಶಾಲೆಯ ಸೂಕ್ಷ್ಮದರ್ಶಕವನ್ನು ಬುಟ್ಟಿಯಲ್ಲಿ ಹೊತ್ತು ತಂದು, ಮೊಟ್ಟೆಯಿಟ್ಟ ತಾಯಿಯನ್ನು ಅರೆದು ನೋಡಿದೆ. ಅಕ್ಕಿಯ ನುಚ್ಚಿನಂತೆ ಹೊಳೆಯುವ ಚುಕ್ಕೆ ಕಂಡರೆ ಪೆಬ್ರಿನ್ ರೋಗ, ಆ ತಾಯಿಯ ಮೊಟ್ಟೆ ಸುಡಬೇಕು. ಆರು ತಾಯಂದಿರ ಮೊಟ್ಟೆ ಸುಟ್ಟೆವು. ಸಾನುಮಾಯಾ ಅಂದು ಊಟ ಮಾಡಲಿಲ್ಲ.

ಉಳಿದ ಹಾಳೆಯನ್ನು ಕಾದೆವು. ನಾನು ಕಂಡಿದ್ದ ಮೈಸೂರು ತಳಿಯ ಮೊಟ್ಟೆ ಹತ್ತು ದಿನದಲ್ಲಿ ಒಡೆಯುತ್ತದೆ, ಅಲ್ಲಿಯವರೆಗೂ ತಿಳಿಹಳದಿ. ಇವು ಮೂರನೇ ದಿನಕ್ಕೇ ಕಪ್ಪಿಟ್ಟವು. ಹತ್ತು ದಿನ ಕಳೆಯಿತು, ಹದಿನೈದಾಯಿತು.

"ಸತ್ತಿವೆ" ಎಂದೆ. ಒಲೆಯ ಮುಂದೆ, ಮಾವನಿಗೂ ಕೇಳುವಂತೆ.

ಮರುದಿನ ಬೆಳಿಗ್ಗೆ ಅವನು ಎರಡು ಸಾಲು ಕಿಂಬು ಕಿತ್ತು ಹಾಕಿದ್ದ. ಬೇರಿಗೆ ಮಣ್ಣು ಮೆತ್ತಿಕೊಂಡ ಗಿಡಗಳು ಅಂಗಳದಲ್ಲಿ ಅಡ್ಡ ಮಲಗಿದ್ದವು. ಸಾನುಮಾಯಾ ಗುದ್ದಲಿ ಹಿಡಿದ ಅವನ ಕೈ ಹಿಡಿದುಕೊಂಡಳು. "ಬಾ, ಚಳಿಗಾಲದಲ್ಲಿ ಕಿಂಬೂ ಸತ್ತ ಹಾಗೇ ನಿಲ್ಲುತ್ತೆ. ಅದಕ್ಕೆ ಒಂದು ಚಳಿಗಾಲ ಕೊಡ್ತೀಯ, ಇದಕ್ಕೂ ಒಂದು ಕೊಡು." ಬಾ ಎಂದರೆ ಅವರಲ್ಲಿ ಅಪ್ಪ. ಅವನು ನನ್ನ ಮುಖ ನೋಡಿದ. ಇಂಡಿಯಾದಿಂದ ಕಲಿಸಲು ಬಂದವಳು ನಾನು. "ಗೊತ್ತಿಲ್ಲ" ಎಂದೆ. ಅವನು ಗುದ್ದಲಿಯನ್ನು ಗೋಡೆಗೊರಗಿಸಿದ, ಆದರೆ ಚೈತ್ರದವರೆಗೆ ಮಾತ್ರ ಎಂದ.

ಅವಳು ಹಾಳೆಯನ್ನು ಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದ ಉತ್ತರದ ಕೋಣೆಯ ತೊಲೆಗೆ ತೂಗುಹಾಕಿದಳು. ದಸರೆಗೆ ಮುಂಚೆ ರಹಮತ್ ಸಾಬರು ಊರಿಗೆ ಹೋದರು. ಕಾರ್ತಿಕದಲ್ಲಿ ಅವರ ಪತ್ರ ಬಂತು. ಮಗಳ ಕೈಲಿ ಬರೆಸಿದ್ದು. "ಬೀಜದೋರ್ನ ಕೇಳ್ದೆ ಕಣಮ್ಮ. ಅದು ವರ್ಷಕ್ಕೆ ಎರಡೇ ಬೆಳೆ ತಳಿಯಂತೆ. ಮೊಟ್ಟೆ ಸತ್ತಿಲ್ವಂತೆ, ಮಲಗಿವೆಯಂತೆ. ಚಳಿ ಬೇಕಂತೆ. ಇಲ್ಲಿ ಅದಕ್ಕೆ ದೊಡ್ಡ ತಣ್ಣನೆ ಪೆಟ್ಟಿಗೆ ಇಟ್ಟವ್ರೆ, ನಿಮಗೆ ಬೆಟ್ಟಾನೇ ಐತಲ್ಲ. ಬಿಸಾಕ್ಬೇಡಿ. ನೀನು ಸತ್ತಿವೆ ಅಂದಿದ್ದನ್ನ ಯಾರಿಗೂ ಹೇಳಿಲ್ಲ."

ಅದನ್ನು ಓದಿ ಹೇಳಿದೆ. ಸಾನುಮಾಯಾ ತಲೆಯಾಡಿಸಿ ಕಿಟಕಿಯಾಚೆ ತೋರಿಸಿದಳು. ಕಿಂಬಿನ ಎಲೆಗಳು ಗಾಳಿಯಿಲ್ಲದೆ, ಒಂದೊಂದಾಗಿ ಉದುರುತ್ತಿದ್ದವು. ಆ ಚಳಿಗಾಲ ನನಗೆ ನಿಜವೋ ಕನಸೋ ತಿಳಿಯದ ಹಾಗೆ ಕಳೆಯಿತು. ಮಂಜು ಮಧ್ಯಾಹ್ನದವರೆಗೂ ಅಂಗಳದಲ್ಲಿ ಕೂತಿರುತ್ತಿತ್ತು. ಗಿಡ, ಮೊಟ್ಟೆ, ರಸ್ತೆ, ಗಡಿ, ಎಲ್ಲವೂ ಒಟ್ಟಿಗೆ ನಿದ್ದೆ ಹೋದಂತಿತ್ತು. ಒಮ್ಮೊಮ್ಮೆ ಎಚ್ಚರದಲ್ಲೇ ಚರಕದ ಸದ್ದು ಕೇಳುತ್ತಿತ್ತು.

1990ರ ಏಪ್ರಿಲಿನಲ್ಲಿ ಕಠ್ಮಂಡುವಿನ ರಸ್ತೆಗಳಲ್ಲಿ ಜನ ತುಂಬಿದ್ದಾರೆಂದು, ದೊರೆ ರಾಜಕೀಯ ಪಕ್ಷಗಳ ಮೇಲಿನ ನಿಷೇಧ ತೆಗೆದನೆಂದು ರೇಡಿಯೋ ಹೇಳಿತು. ಅದೇ ವಾರ ಒಂದು ಬೆಳಿಗ್ಗೆ ಸಾನುಮಾಯಾ ಏಣಿಯ ಕೆಳಗಿನಿಂದ ಕೂಗಿದಳು. ಹಾಳೆಯ ಮೇಲೆ ಕಪ್ಪು ದಾರದ ತುಣುಕುಗಳಂತೆ ಹುಳುಗಳು ಹರಿದಾಡುತ್ತಿದ್ದವು. ಕಾಲು ಭಾಗ ಒಡೆದಿರಲಿಲ್ಲ. ಮಾವ ಬಗ್ಗಿ ನೋಡಿದ, ಹೊರಗೆ ಹೋಗಿ ಎಳೆಯ ಎಲೆ ಕಿತ್ತು ತಂದ. ಸಾಬರು ಹೇಳಿದಂತೆ ಗೂಡುಗಳು ಒಂದರಂತೆ ಒಂದಿರಲಿಲ್ಲ. ನೂಲು ದಪ್ಪ ತೆಳುವಾಗಿ ಬಂತು. ಆದರೂ ನೂಲು.

ಜುಲೈನಲ್ಲಿ ಗಡಿಯ ವ್ಯಾಪಾರ ಮೊದಲಿನಂತಾಯಿತು. ಸೀಮೆಎಣ್ಣೆ ಬಂತು, ಉಪ್ಪು ಬಂತು, ಭಾರತದ ಮೊಟ್ಟೆ ಹಾಳೆಯೂ ಬಂತು. ಸಾನುಮಾಯಾ ಅವನ್ನು ಖುಷಿಯಿಂದಲೇ ಕೊಂಡಳು. ಅವುಗಳ ನೂಲು ಉತ್ತಮ. ಉತ್ತರದ ಕೋಣೆಯ ತೊಲೆಯಿಂದ, ಆ ವಸಂತದ ಚಿಟ್ಟೆಗಳ ಹೊಸ ಮೊಟ್ಟೆ ಸುತ್ತಿಟ್ಟ ತನ್ನ ಬಟ್ಟೆ ಗಂಟನ್ನು ಮಾತ್ರ ಇಳಿಸಲಿಲ್ಲ.

ನಾನು ಒಂದು ವರ್ಷಕ್ಕೆಂದು ಬಂದವಳು, ಉಳಿದುಬಿಟ್ಟೆ. 1996ರಲ್ಲಿ ಶಿಡ್ಲಘಟ್ಟಕ್ಕೆ ಹೋದಾಗ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬರು ನನ್ನ ಮಾತು ಕೇಳಿ, "ನೀವು ಯಾವ್ ಕಡೆಯೋರಮ್ಮ?" ಎಂದರು. ಬೆಟ್ಟದಲ್ಲಿ ನಾನು ಇಂದಿಗೂ ಇಂಡಿಯಾ ದಿದಿ. ರಹಮತ್ ಸಾಬರ ನಾಲ್ಕು ಚರಕಗಳಲ್ಲಿ ಎರಡು ನಿಂತಿದ್ದವು. ಚೀನಾದ ನೂಲು ಅಗ್ಗಕ್ಕೆ ಬರುತ್ತಿತ್ತು. "ಈಗ ನಮಗೂ ಒಬ್ಬ ದೊಡ್ಡ ಪಕ್ಕದ್ಮನೆಯೋನು ಸಿಕ್ಕವ್ನೆ" ಎಂದು ಸಾಬರು ನಕ್ಕು, "ಆ ಹುಡ್ಗಿ ಇನ್ನೂ ಮೊಟ್ಟೆ ಇಡಿಸ್ತಾಳಾ?" ಎಂದು ಕೇಳಿದರು. ಇಡಿಸ್ತಾಳೆ ಎಂದೆ.

ಈ ಚೈತ್ರದಲ್ಲಿ ಸಾನುಮಾಯಾ ಭಾರತದ ನಾಲ್ಕು ಹಾಳೆ, ತನ್ನದೊಂದು ಹಾಳೆಯನ್ನು ಹುಳು ಮನೆಗೆ ತಂದಿಟ್ಟಳು. ಐದೂ ಒಡೆದವು.