ರಂಗಕ್ಕ ಇಟ್ಟ ಮೂರನೆಯ ಬೋಗುಣಿ

ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಸೇದುವ ಬಾವಿಗೆ ಮೀನು ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಮೀನು ನೆಟ್ಟಗೆ ಈಜಿದರೆ ನೀರು ಒಳ್ಳೆಯದು. ಆ ಬೇಸಿಗೆಯಲ್ಲಿ ಮೀನುಗಳು ಮಗ್ಗುಲಿಗೆ ವಾಲಿ, ಮೇಲೆ ಬಂದು ಬಾಯಿ ಬಿಡತೊಡಗಿದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕೇರಿಯ ನೂಲಿಗೆ ಬಣ್ಣ ಹಾಕುವ ಚಿಕ್ಕೀರಪ್ಪ ಬಳ್ಳಾರಿಯಿಂದ ತಂದ ಸೀಮೆ ಬಣ್ಣವೇ ವಿಷ ಎಂದುಬಿಟ್ಟರು. ಅವನ ಬಣ್ಣದ ಒಲೆ ಆರಬೇಕು ಎಂದು ಕೇರಿಯ ಯಜಮಾನ ಮುರುಗೇಂದ್ರಪ್ಪನವರು ಪಟ್ಟು ಹಿಡಿದರು.

ಚಿಕ್ಕೀರಪ್ಪನ ತಂಗಿ ರಂಗಕ್ಕ, ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದವಳು. ಬಾವಿ ಪಕ್ಕದ ಕಲ್ಲಿನ ಮೇಲೆ ಅಂಟವಾಳಕಾಯಿ ನೊರೆಯಲ್ಲಿ ಕೇರಿಯವರ ರೇಷ್ಮೆ ನೂಲಿನ ಲಡಿ ತೊಳೆದು ತನ್ನ ಅನ್ನ ತಾನೇ ದುಡಿಯುತ್ತಿದ್ದಳು. ಯಾರ ಮುಂದೂ ಕೈಯೊಡ್ಡಿಲ್ಲ ಎಂಬ ಜಂಬವೂ ಇತ್ತು. ಮೀನನ್ನೇ ಕೇಳೋಣ ಎಂದವಳು ಅವಳೇ.

ಎರಡು ಬೋಗುಣಿಗೆ ಕೆರೆ ನೀರು ತುಂಬಿ, ಒಂದಕ್ಕೆ ಬಣ್ಣದ ಬಗ್ಗಡ ಬೆರೆಸಿ, ಬೆರಳುದ್ದದ ಕೆರೆ ಮೀನು ಬಿಟ್ಟಳು. ಯಜಮಾನರು ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಮೀನು ಎಷ್ಟು ಸುತ್ತು ಹೊಡೆಯುತ್ತದೋ ಅಷ್ಟು ಹುಣಸೆಬೀಜ ಎತ್ತಿಡುವುದು. ಬರೀ ನೀರಿನದು ಮೂವತ್ತೊಂದು ಸುತ್ತು ಬಂತು, ಬಣ್ಣದ್ದು ಇಪ್ಪತ್ತೊಂಬತ್ತು.

ಮುರುಗೇಂದ್ರಪ್ಪನವರು ಒಪ್ಪಲಿಲ್ಲ. ಹಾಗಾದರೆ ಬಾವಿಗೆ ಇಳಿಯುವ ಕೊಳೆ ಬೇರೆ ಯಾವುದು, ಅದನ್ನು ತೋರಿಸದಿದ್ದರೆ ಒಲೆ ಇವತ್ತೇ ಆರಲಿ ಎಂದರು. ಚಿಕ್ಕೀರಪ್ಪ ತಲೆ ತಗ್ಗಿಸಿ ನಿಂತ.

ರಂಗಕ್ಕನ ಕಣ್ಣು ತನ್ನ ಕಲ್ಲಿನತ್ತ ಹೋಯಿತು. ನೊರೆ ನೀರು ಸಂದಿಯಲ್ಲಿ ಹರಿದು ಬಾವಿಗೇ ಇಳಿಯುತ್ತಿತ್ತು. ಸುಮ್ಮನಿದ್ದರೆ ಅಣ್ಣನ ಒಲೆ ಹೋಗುತ್ತದೆ, ಬಾಯಿ ಬಿಟ್ಟರೆ ತನ್ನ ಕಲ್ಲು. ಅರೆಗಳಿಗೆ ಅವಳು ಸುಮ್ಮನೇ ಇದ್ದಳು, ಅದನ್ನು ಮುಚ್ಚಿಡುವುದೇಕೆ. ಆಮೇಲೆ ಮೂರನೆಯ ಬೋಗುಣಿಗೆ ಕೆರೆ ನೀರು ತುಂಬಿ, ಒಂದು ಬೊಗಸೆ ನೊರೆ ಹಾಕಿ ಮೀನು ಬಿಟ್ಟಳು. ಐದು ಸುತ್ತು ಬಂದ ಮೀನು ಆರನೆಯದಕ್ಕೆ ಮಗ್ಗುಲಾಯಿತು. ಯಜಮಾನರ ಬಾಯಿ ಇನ್ನೂ ಕೆಂಪಾಗಿರಲಿಲ್ಲ.

"ಬಣ್ಣ ಅಲ್ರಿ ಯಜಮಾನ್ರೇ. ನನ್ನ ಅಂಟವಾಳ," ಎಂದಳು.

ಇನ್ನು ಬಾವಿ ಹತ್ತಿರ ಯಾರೂ ಲಡಿ ತೊಳೆಯಕೂಡದು ಎಂದು ತೀರ್ಮಾನವಾಯಿತು. ಜನ ಚದುರಿದ ಮೇಲೆ ರಂಗಕ್ಕ, ನಿನ್ನ ಒಲೆಯಾದರೂ ಉಳಿಯಿತಲ್ಲ ಎಂದು ಅಣ್ಣನಿಗೆ ಹೇಳಿದಳು. ಚಿಕ್ಕೀರಪ್ಪ ಮುಖ ತಿರುಗಿಸಿದ.

"ಅಂಟವಾಳ ಅಂತ ನಂಗೆ ಹೋದ ವಾರನೇ ಗೊತ್ತಾಗಿತ್ತು ಕಣವ್ವ," ಎಂದ. "ಒಲೆ ಹೋದ್ರೆ ನಾನು ಕೂಲಿ ಮಾಡ್ತಿದ್ದೆ. ಕಲ್ಲು ಹೋದ್ರೆ ನೀನು ನನ್ನ ಕೈ ನೋಡ್ಬೇಕಾಗ್ತೈತೆ ಅಂತ ಸುಮ್ನಿದ್ದೆ."