ಮೊಸರನ್ನದ ಮೇಜರ್

ಶೆಟ್ಟಿಕೊಪ್ಪದ ಸುಂದರೇಶ್ ತಮ್ಮ ಜೀವಮಾನದಲ್ಲಿ ಇಂಗ್ಲಿಷ್ ಮಾತಾಡಿದ್ದು ನಾಯಿಯ ಜೊತೆ ಮಾತ್ರ. ಬ್ಯಾಂಕಿಗೆ ಕನ್ನಡ ಬಾರದ ಮ್ಯಾನೇಜರ್ ಬಂದಾಗ ಬರೀ ತಲೆಯಾಡಿಸಿ ಹೊರಬಂದ ಮನುಷ್ಯ, ತನ್ನ ಅಂಗಳದಲ್ಲಿ ನಿಂತು 'ಸಿಟ್', 'ಸ್ಟೇ', 'ಟೇಕ್' ಎಂದು ಗರ್ಜಿಸುವುದನ್ನು ಕೇಳಿದರೆ ಊರಿಗೆ ದಂಡೇ ಬಂದಿಳಿದಿದೆ ಅನ್ನಿಸಬೇಕು. ದಂಡಿನಲ್ಲಿದ್ದದ್ದು ಒಂದೇ ಒಂದು ಲ್ಯಾಬ್ರಡಾರ್ ನಾಯಿ. ಹೆಸರು ಮೇಜರ್. ಮೇಜರನ ಮೇಲಧಿಕಾರಿ ಯಾರೆಂದು ಬೇರೆ ಹೇಳಬೇಕಾಗಿಲ್ಲವಲ್ಲ.

ನಾನು ಪಕ್ಕದ ತೋಟದವನು. ಮೂವತ್ತು ವರ್ಷದಿಂದ ಬೇಲಿಯ ಈಚೆ ನಿಂತು ಅವರ ಹುಚ್ಚುಗಳನ್ನು ನೋಡುತ್ತ ಬಂದಿದ್ದೇನೆ. ಮೊದಲು ಯೋಗ, ಆಮೇಲೆ ಹೋಮಿಯೋಪತಿ, ನಡುವೆ ಒಂದೂವರೆ ವರ್ಷ ಜೇನು. ಜೇನು ಎದ್ದು ಹೋಯಿತು. ನಾಯಿ ಉಳಿಯಿತು, ಏಕೆಂದರೆ ನಾಯಿಗೆ ತಾಳ್ಮೆ ಜಾಸ್ತಿ.

ಮೇಜರ್ ಆರು ತಿಂಗಳು ಮೈಸೂರಿನಲ್ಲಿ ತರಬೇತಿ ಪಡೆದು ಬಂದಿತ್ತು. ಅದರ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಜಗಲಿಯ ಗೋಡೆಗೆ ಬಂತು. ಸುಂದರೇಶರ ಮದುವೆ ಫೋಟೋ ಅದಕ್ಕೆ ಜಾಗ ಬಿಟ್ಟುಕೊಟ್ಟು ಒಳಕೋಣೆಗೆ ಹೋಯಿತು. ಮಾಂಸ ಮುಟ್ಟದ ಮನೆ, ಹಾಗಾಗಿ ಮೇಜರನಿಗೂ ಎರಡು ಹೊತ್ತು ಮೊಸರನ್ನ. ತಟ್ಟೆ ಮುಂದಿಟ್ಟರೂ 'ಟೇಕ್' ಎನ್ನುವ ತನಕ ಅದು ಮೂತಿ ತಗ್ಗಿಸುತ್ತಿರಲಿಲ್ಲ. ಬಂದ ನೆಂಟರೆಲ್ಲ ಇದನ್ನು ನೋಡಲೇಬೇಕು. ಒಮ್ಮೆ ಸುಂದರೇಶರು ಫೋನಿನಲ್ಲಿ ಮಾತಿಗೆ ನಿಂತು ಮರೆತುಬಿಟ್ಟಾಗ, ಆ ಬಡಪ್ರಾಣಿ ಮುಕ್ಕಾಲು ಗಂಟೆ ಮೊಸರನ್ನವನ್ನು ದೇವರ ಹಾಗೆ ನೋಡುತ್ತ ಕೂತಿತ್ತು.

"ಇವ್ನು ಸಣ್ಣೋನಿದ್ದಾಗ ಕುತ್ಕೊ ಅಂದ್ರೆ ಒಂದು ದಿನ ಕೂರ್ಲಿಲ್ಲ. ಈಗ ನಾಯಿಗೆ ಕೂರೂದು ಕಲಿಸ್ತಾನಂತೆ" ಎಂದು ಅವರ ತಾಯಿ ದಾಕ್ಷಾಯಣಮ್ಮ ಒಳಗಿನಿಂದಲೇ ಹೇಳುತ್ತಿದ್ದರು.

ಇಷ್ಟರ ಮೇಲೆ ಮೊಟ್ಟೆಯ ಪ್ರದರ್ಶನ. ಕೆಳಮನೆಯ ಪ್ರೇಮಕ್ಕನಿಂದ ಒಂದು ಕೋಳಿಮೊಟ್ಟೆ ತರಿಸಿ ಮೇಜರನ ಬಾಯಿಗಿಡುವುದು. ಅದು ಅಂಗಳಕ್ಕೆ ಒಂದು ಸುತ್ತು ಬಂದು, ಮೊಟ್ಟೆಯನ್ನು ಸುಂದರೇಶರ ಅಂಗೈಗೆ ಹಾಕುವುದು. ಮೊಟ್ಟೆಗೆ ಒಂದು ಗೀರಿಲ್ಲ.

"ಬೇಟೆನಾಯಿ ಜಾತಿ ಅಂತೀರಲ್ಲ, ನೋಡಿ! ಸಂಸ್ಕಾರ ಕೊಟ್ರೆ ರಕ್ತಾನೇ ಬದಲಾಗ್ತದೆ."

ನರಸಿಂಹರಾಜಪುರದಿಂದ ಬರುತ್ತಿದ್ದ ದನದ ಡಾಕ್ಟರು ಒಮ್ಮೆ ಪಾಪ, ನಿಜ ಹೇಳಿಬಿಟ್ಟರು. "ಸುಂದರೇಶ್, ಗುಂಡು ತಗಲಿ ನೀರಿಗೆ ಬಿದ್ದ ಹಕ್ಕೀನ ಹಲ್ಲು ತಾಗಿಸ್ದೆ ಎತ್ತಿ ತರ್ಲಿ ಅಂತ್ಲೇ ಈ ಜಾತೀನ ಬೆಳೆಸಿದ್ದು. ಮೊಟ್ಟೆ ಒಡೀದೆ ಇರೂದೇ ಅದ್ರ ಬೇಟೆ ಮಾರಾಯ್ರೆ."

ಡಾಕ್ಟರು ಗೇಟು ದಾಟಿದ ಮೇಲೆ ಸುಂದರೇಶರು ನನ್ನತ್ತ ತಿರುಗಿ, "ಅವ್ರಿಗೆ ದನ ಗೊತ್ತು, ಅಷ್ಟೆ" ಎಂದರು.

ಇನ್ನು ಪ್ರೇಮಕ್ಕನ ವಿಷಯ. ಎರಡು ವರ್ಷದ ಹಿಂದೆ ಅವಳ ಗಬ್ಬದ ಹಸು ಕಾಡಿಗೆ ಹೋದದ್ದು ಒಂಬತ್ತು ದಿನವಾದರೂ ಬರಲಿಲ್ಲ. ಹಸು ಬಂದರೆ ಹಳ್ಳದ ದಂಡೆಯ ಚೌಡಿಗೆ ಹುಂಜ ಒಪ್ಪಿಸುತ್ತೇನೆಂದು ಹರಕೆ ಹೊತ್ತಳು. ಹತ್ತನೆಯ ದಿನ ಹಸು ಏನೂ ಆಗದ ಹಾಗೆ ಬಂದು ಕೊಟ್ಟಿಗೆಯಲ್ಲಿ ನಿಂತಿತು. ಹರಕೆಯ ಹುಂಜವೆಂದರೆ ಅಂಗಡಿಯಿಂದ ತಂದದ್ದಲ್ಲ. ಮರಿಯಿದ್ದಾಗಲೇ ಚೌಡಿಯ ಹೆಸರಿಗೆಂದು ತೆಗೆದಿಟ್ಟದ್ದು. ಜುಟ್ಟು, ಉಗುರು, ಗರಿ, ಒಂದೂ ಊನವಾಗಬಾರದು. ಗಂಡ ನೆಂಟರ ನೆಪ ಹೇಳಿ ಎಷ್ಟು ಸಲ ಕತ್ತಿ ಮಸೆದರೂ ಅವಳು ಬಿಟ್ಟುಕೊಡದೆ, ಹದ್ದು ಮುಂಗುಸಿಗಳಿಂದ ಕಾಪಾಡಿ, ಎರಡು ವರ್ಷ ಸಾಕಿದಳು.

ದೀಪಾವಳಿ ಕಳೆದ ಮಂಗಳವಾರ ಒಪ್ಪಿಸುವುದೆಂದಾಯಿತು. ಹಿಂದಿನ ದಿನ ಪ್ರೇಮಕ್ಕ ಬೇಲಿ ಹತ್ತಿರ ಬಂದು, "ಸುಂದರೇಶಣ್ಣ, ನಾಳೆ ಒಂದಿನ ನಾಯಿ ಕಟ್ಟಿ ಹಾಕ್ತೀರಾ?" ಎಂದಳು.

ಕಟ್ಟಿ ಹಾಕುವುದೇ! ಸರ್ಟಿಫಿಕೇಟಿನ ನಾಯಿಯನ್ನೇ! "ಸರಪಳಿ ಇರೂದು ಸಂಸ್ಕಾರ ಇಲ್ದಿದ್ದ ನಾಯಿಗೆ ಪ್ರೇಮಕ್ಕ. ನಾಳೆ ನಾನೇ ಕರ್ಕೊಂಡು ಬರ್ತೀನಿ. ಸ್ಟೇ ಅಂದ ಜಾಗದಿಂದ ಅಲುಗಿದ್ರೆ ಆ ಸರ್ಟಿಫಿಕೇಟು ಒಲೆಗೆ ಹಾಕ್ತೀನಿ."

"ಒಲೆಗೆ ಎಂತದಾದ್ರೂ ಹಾಕಿ. ನನ್ನ ಹುಂಜಕ್ಕೆ ಎಂತಾದ್ರೂ ಆದ್ರೆ ಮತ್ತೆ ಮರಿಯಿಂದ ಶುರು ಮಾಡ್ಬೇಕು ನಾನು" ಎಂದು ಅವಳು ಹೋದಳು.

ಮಂಗಳವಾರ ಹಳ್ಳದ ದಂಡೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ನಾನು ಊಟದ ಆಸೆಗೆ ಹೋಗಿದ್ದೆ, ಸುಳ್ಳೇಕೆ. ಸುಂದರೇಶರು ಇಸ್ತ್ರಿ ಮಾಡಿದ ಟೋಪಿ ಹಾಕಿ ಬಂದು, ಎಲ್ಲರಿಗೂ ಕಾಣುವ ಹಾಗೆ ಒಂದು ಬಂಡೆಯ ಪಕ್ಕ ಮೇಜರನನ್ನು ಕೂರಿಸಿ 'ಸ್ಟೇ' ಎಂದರು.

ಪೂಜೆ ಮಾಡುವ ಶೇಷಪ್ಪ ಹುಂಜದ ಮೇಲೆ ಅರಿಸಿನದ ನೀರು ಚಿಮುಕಿಸಿದ. ನೀರು ಬಿದ್ದ ಹುಂಜ ಮೈ ಕೊಡವಬೇಕು. ಕೊಡವಿದರೆ ಚೌಡಿ ಒಪ್ಪಿದಳೆಂದು ಲೆಕ್ಕ. ಕೊಡವದಿದ್ದರೆ ಆ ಹುಂಜ ಹರಕೆಗೆ ನಡೆಯುವುದಿಲ್ಲ. ಒಂದು ಸಲ ಚಿಮುಕಿಸಿದ. ಹುಂಜ ಸುಮ್ಮನಿತ್ತು. ಎರಡನೇ ಸಲ. ಅದು ಸುಂದರೇಶರ ಟೋಪಿ ನೋಡುತ್ತ ಕೂತಿತು. ಪ್ರೇಮಕ್ಕನ ಮುಖ ಬಾಡಿತು.

ಮೂರನೇ ಸಲಕ್ಕೆ ಶೇಷಪ್ಪ ಚೆಂಬನ್ನೇ ಬಗ್ಗಿಸಿದ. ಹುಂಜ ಬೆಚ್ಚಿ, ಅವನ ಕೈಯಿಂದ ಜಾರಿ, ಬಡಬಡನೆ ರೆಕ್ಕೆ ಬಡಿದು ಮೇಲೆದ್ದು, ಸೀದಾ ಹೋಗಿ ಹಳ್ಳದ ನಡುವೆ ಬಿತ್ತು.

ಹಕ್ಕಿ ಹಾರಿದ್ದು, ನೀರಿಗೆ ಬಿದ್ದದ್ದು. ಮೇಜರನ ಮುತ್ತಾತನ ಮುತ್ತಾತಂದಿರು ಕಾದಿದ್ದೇ ಅದಕ್ಕೆ. ಮೈಸೂರಿನ ಆರು ತಿಂಗಳು, ಇಲ್ಲಿಯ ನಾಲ್ಕು ವರ್ಷದ ಮೊಸರನ್ನ, ಎಲ್ಲ ಆ ಬಂಡೆಯ ಪಕ್ಕವೇ ಉಳಿದವು. ನಾಯಿ ನೀರಿನಲ್ಲಿತ್ತು.

"ಸ್ಟೇ! ಮೇಜರ್, ನೋ! ಸ್ಟೇ!" ಇಂಗ್ಲಿಷ್ ಅಲ್ಲಿಗೆ ಮುಗಿಯಿತು. "ಏ ಹಾಳಾದವ್ನೇ, ನಿಲ್ಲಾ!"

ಹುಂಜ ಕೆಳಗಿನ ಬಂಡೆಗಳ ಕಡೆಗೆ ತೇಲಿ ಹೋಗುತ್ತಿತ್ತು. ಮೇಜರ್ ಅಡ್ಡ ಈಜಿ, ಅದನ್ನು ಬಾಯಲ್ಲಿ ಹಿಡಿದು ದಂಡೆ ಹತ್ತಿತು. ಕೈಚಾಚಿ ಓಡಿಬಂದ ಪ್ರೇಮಕ್ಕನನ್ನು ದಾಟಿ, ಸುಂದರೇಶರ ಮುಂದೆ ಬಂದು ಕೂತು ಮುಖ ಎತ್ತಿತು. ಅವರು ಅಭ್ಯಾಸಬಲದಿಂದ ಅಂಗೈ ಒಡ್ಡಿದರು. ಜೀವಮಾನದಲ್ಲಿ ಕೋಳಿ ಮುಟ್ಟದ ಆ ಕೈಯಲ್ಲಿ ಕೂತ ಹುಂಜ ಒಂದು ಕ್ಷಣ ಯೋಚಿಸಿ, ಜುಟ್ಟಿನಿಂದ ಬಾಲದವರೆಗೆ ಮೈ ಕೊಡವಿತು. ಅರಿಸಿನ ಬೆರೆತ ಹಳ್ಳದ ನೀರೆಲ್ಲ ಅವರ ಮುಖಕ್ಕೆ ರಾಚಿತು.

"ಒಪ್ಪಿದ್ಲು!" ಎಂದ ಶೇಷಪ್ಪ.

"ನಾಯಿ ಬಾಯಿ ತಾಗಿದೆಯಲ್ಲ ಶೇಷಪ್ಪಣ್ಣ?" ಎಂದಳು ಪ್ರೇಮಕ್ಕ, ಹುಂಜವನ್ನು ಅವನ ಮುಂದೆ ಹಿಡಿದು.

ಶೇಷಪ್ಪ ರೆಕ್ಕೆ ಬಿಡಿಸಿ, ಗರಿಗರಿ ನೋಡಿದ. "ಒಂದು ಗೀರಿಲ್ಲ. ಚೌಡಿ ಕಾಡಲ್ಲಿರೋಳು, ಅವ್ಳಿಗೆ ಎಂತ ನಾಯಿ ಎಂತ ನರಿ. ಆದ್ರೆ ಒಂದು. ಕೈ ಹಚ್ಚಿದವ್ರೆಲ್ಲ, ಬಾಯಿ ಹಚ್ಚಿದ್ದೂ ಸೇರಿ, ಇಲ್ಲೇ ಉಣ್ಬೇಕು. ಒಂದು ಎಲೇಲಿ ಊಟ ಉಳಿದ್ರೂ ಹರಕೆ ತೀರ್ಲಿಲ್ಲ ಅಂತ್ಲೇ."

ಸುಂದರೇಶರಿಗೆ ಬೆಲ್ಲದನ್ನ ಬಡಿಸಿ ಬಚಾವು ಮಾಡಿದೆವು. ಮೇಜರನ ಎಲೆಗೆ ಅನ್ನ, ಸಾರು, ಎರಡು ತುಂಡು. ಮೇಜರ್ ಎಲೆಯ ಮುಂದೆ ಕೂತಿತು. ಜೊಲ್ಲು ಎರಡು ಎಳೆಯಾಗಿ ನೆಲ ಮುಟ್ಟಿತು. ಆದರೆ ಮೂತಿ ತಗ್ಗಲಿಲ್ಲ. ಅದು ಆ ಒಂದು ಮಾತಿಗೆ ಕಾಯುತ್ತಿತ್ತು. ಸುಂದರೇಶರು ಮರದ ಮೇಲಿನ ಯಾವುದೋ ಬಂದಳಿಕೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹೇಳಿದರೆ ನಾಲ್ಕು ವರ್ಷದ ಸಂಸ್ಕಾರ ತಾವೇ ಬಾಯಾರೆ ತೊಳೆದುಹಾಕಿದ ಹಾಗೆ.

ಹೊತ್ತು ಇಳಿಯುತ್ತ ಬಂತು. ಎಲ್ಲರ ಎಲೆ ಎದ್ದವು. "ಹೋಯ್, ಹೇಳಿ ಮಾರಾಯ್ರೆ, ನಾಯಿಗಾದ್ರೂ ಮರ್ಯಾದೆ ಬೇಡ್ವಾ?" ಎಂದೆ ನಾನು. ಅವರ ಕಣ್ಣು ಬಂದಳಿಕೆ ಬಿಟ್ಟು ಇಳಿಯಲಿಲ್ಲ.

ಪ್ರೇಮಕ್ಕ ಅವರ ಮುಂದೆ ಬಂದು ನಿಂತಳು. "ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದೀನಿ ಸುಂದರೇಶಣ್ಣ. ಒಂದು ಮಾತಿಗೆ ಹರಕೆ ನಿಲ್ಲಿಸ್ಬೇಡಿ."

ಸುಂದರೇಶರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಕೆಮ್ಮಿದ ಹಾಗೆ, ಯಾರಿಗೂ ಕೇಳಬಾರದೆಂಬಂತೆ, "ಟೇಕ್" ಎಂದರು.

ಎಲೆಯೂ ಉಳಿಯಲಿಲ್ಲ. ಪ್ರೇಮಕ್ಕ ಚೌಡಿಯ ಕಲ್ಲಿಗೆ ಕೈಮುಗಿದಳು. ಆಮೇಲೆ ಸ್ವಲ್ಪ ತಡೆದು ನಾಯಿಗೂ ಮುಗಿದಳು.

ಇಂಥದ್ದಾದ ಮೇಲೆ ಮನುಷ್ಯ ಬದಲಾಗುತ್ತಾನೆ ಎಂದು ನಂಬುವವರು ಸುಂದರೇಶರನ್ನು ಕಂಡವರಲ್ಲ. ಮರುದಿನವೇ ಕೊಪ್ಪದ ಹೋಟೆಲಿನಲ್ಲಿ ಕೂತು, "ಕೋಳಿಸಾರು ಮುಂದಿದ್ರೂ ನಾನು ಹೇಳೋ ತನಕ ಮುಟ್ಲಿಲ್ಲ ಅಂದ್ರೆ ನೋಡಿ!" ಎನ್ನುತ್ತಿದ್ದರು. ಹಳ್ಳಕ್ಕೆ ಹಾರಿದ ಭಾಗ ಆ ಕಥೆಯಲ್ಲಿ ಇರಲಿಲ್ಲ. ಕೈಚೀಲದಲ್ಲಿ ಮಾತ್ರ ಹೊಸ ಸರಪಳಿ ಇತ್ತು.

ಸರ್ಟಿಫಿಕೇಟು ಈಗಲೂ ಗೋಡೆಯ ಮೇಲೇ ಇದೆ. ಮೇಜರ್ ಅದರ ಕೆಳಗೆ ಸರಪಳಿಯಲ್ಲಿ ಕೂತು ಮೊಸರನ್ನವನ್ನು ಮೂಸಿ ಮುಖ ತಿರುಗಿಸುತ್ತದೆ. ಬೆಳಗಾದರೆ ಒಳಗಿನಿಂದ ದಾಕ್ಷಾಯಣಮ್ಮನ ದನಿ ಬೇಲಿಯ ಈಚೆಗೂ ಕೇಳುತ್ತದೆ.

"ಒಲೆ ಹತ್ತಿಸಿದೀನಿ ಸುಂದ್ರೇಶ, ಎಲ್ಲಿ, ತಾ ಆ ಕಾಗ್ದಾನ."