ದೊಡ್ಡ ನಟನ ಜಾಗದಲ್ಲಿ ನಿಲ್ಲುವವನು

ಮೂವತ್ತೊಂದು ವರ್ಷ ಸಿನಿಮಾದಲ್ಲಿ ದುಡಿದ ಮನುಷ್ಯ ಒಂದೇ ಒಂದು ಸಿನಿಮಾದಲ್ಲೂ ಕಾಣಿಸಿಕೊಂಡಿಲ್ಲವೆಂದರೆ ಯಾರೂ ನಂಬುವುದಿಲ್ಲ. ಅವನೇನು ಕಚೇರಿಯಲ್ಲಿ ಕೂತು ಕಾಗದ ಬರೆಯುವವನಲ್ಲ. ದಿನ ಬೆಳಗಾದರೆ ಕ್ಯಾಮೆರಾದ ಎದುರಿಗೇ, ನಾಯಕ ನಿಲ್ಲಬೇಕಾದ ಜಾಗದಲ್ಲೇ, ನಾಯಕನ ಅಂಗಿಯ ಬಣ್ಣದ್ದೇ ಅಂಗಿ ತೊಟ್ಟು ನಿಲ್ಲುವವನು. ಒಂದು ದೃಶ್ಯಕ್ಕೆ ದೀಪ ಹೊಂದಿಸಲು ಕಡಿಮೆಯೆಂದರೂ ಒಂದು ಗಂಟೆ ಬೇಕು. ಅಷ್ಟು ಹೊತ್ತು ದೊಡ್ಡ ನಟನನ್ನು ಹಪ್ಪಳದ ಹಾಗೆ ಒಣಗಿಸಲು ಆಗುತ್ತದೆಯೇ? ಆದ್ದರಿಂದ ಅವನಷ್ಟೇ ಎತ್ತರದ, ಅವನದೇ ಮೈಬಣ್ಣದ ಒಬ್ಬನನ್ನು ತಂದು ನಿಲ್ಲಿಸುತ್ತಾರೆ. ಮೂಗಿನ ನೆರಳು ಎತ್ತ ಬೀಳುತ್ತದೆ, ಹಣೆ ಎಷ್ಟು ಹೊಳೆಯುತ್ತದೆ ಎಂಬುದನ್ನೆಲ್ಲ ಅವನ ಮೇಲೆ ನೋಡಿಕೊಳ್ಳುತ್ತಾರೆ. ಎಲ್ಲ ಸರಿಯಾಯಿತೆಂದು ನಿರ್ದೇಶಕ ‘ರೆಡಿ’ ಎಂದ ಕೂಡಲೇ ಇವನು ಪಕ್ಕಕ್ಕೆ ಸರಿಯುತ್ತಾನೆ, ದೊಡ್ಡ ನಟ ಬಂದು ನಿಲ್ಲುತ್ತಾನೆ. ಕ್ಯಾಮೆರಾ ಓಡುವುದು ಆಮೇಲೆ.

ದೀಪದ ಕೆಲಸದವರು ಅವನಿಗೆ ನೆರಳಣ್ಣ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನಿಗೆ ಬೇಸರ ತರಿಸಿರಲಿಲ್ಲ. ನಿಲ್ಲುವುದೂ ಒಂದು ವಿದ್ಯೆಯೇ ಎಂದು ಅವನು ತಿಳಿದಿದ್ದ, ಅವನು ತಿಳಿದದ್ದು ಸರಿಯಾಗಿಯೂ ಇತ್ತು. ಮೂಗಿನ ಮೇಲೆ ನೊಣ ಕೂತರೂ ಕದಲದೆ ನಲವತ್ತು ನಿಮಿಷ ನಿಂತು ನೋಡಿ, ಆಮೇಲೆ ಮಾತಾಡೋಣ. ಬೇರೆಯವರನ್ನು ನಿಲ್ಲಿಸಿದರೆ ಹತ್ತು ನಿಮಿಷಕ್ಕೆ ಸೊಂಟ ಓರೆಯಾಗುತ್ತದೆ, ಹೆಗಲು ಇಳಿಯುತ್ತದೆ, ಹೊಂದಿಸಿದ ದೀಪವೆಲ್ಲ ನೀರಲ್ಲಿ ಹೋಮ. ನೆರಳಣ್ಣ ನಿಂತನೆಂದರೆ ಗೋಡೆಗೆ ಮೊಳೆ ಹೊಡೆದಂತೆ.

ಅವನಿಗೊಬ್ಬ ಭಾವಮೈದುನನಿದ್ದ, ಹೆಂಡತಿಯ ತಮ್ಮ. ಪಾತ್ರೆ ಅಂಗಡಿ ಇಟ್ಟುಕೊಂಡಿದ್ದವನು, ಮಾತಿನಲ್ಲೂ ಪಾತ್ರೆಯಷ್ಟೇ ಸದ್ದು. ಮನೆಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ.

“ಅಲ್ಲ ಭಾವ, ಅವರದ್ದೂ ಅದೇ ಎತ್ತರ, ನಿಮ್ಮದೂ ಅದೇ ಎತ್ತರ. ಅದೇ ಬಣ್ಣ, ಅದೇ ಮೈಕಟ್ಟು. ಅದೇ ಲೈಟ್ ಕೆಳಗೆ ಅವರಿಗಿಂತ ಜಾಸ್ತಿ ಹೊತ್ತು ನೀವೇ ನಿಲ್ತೀರಿ. ಅವರು ಹೆಂಗೆ ಸ್ಟಾರ್ ಆದ್ರು, ನೀವು ಯಾಕೆ ಆಗಲಿಲ್ಲ?”

“ಅವರು ಸ್ಟಾರ್ ಆದ್ದರಿಂದ ತಾನೇ ನನಗೆ ನಿಲ್ಲೋ ಕೆಲಸ ಸಿಕ್ಕಿದ್ದು,” ಎಂದು ನೆರಳಣ್ಣ ನಗುತ್ತಿದ್ದ.

“ಎಲ್ಲ ಹಣೆಬರಹ ಬಿಡಿ,” ಎಂದು ಭಾವಮೈದುನ ತೀರ್ಪು ಕೊಟ್ಟು ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದ.

ಹಣೆಬರಹವಲ್ಲ ಎಂಬುದು ನೆರಳಣ್ಣನಿಗೆ ಗೊತ್ತಿತ್ತು. ಏನು ಎಂದು ಬಾಯಿಬಿಟ್ಟು ಹೇಳಲು ಮಾತ್ರ ಬರುತ್ತಿರಲಿಲ್ಲ. ಈ ಮೂವತ್ತೊಂದು ವರ್ಷದಲ್ಲಿ ಅವನು ಎಷ್ಟು ಜನರನ್ನು ನೋಡಿಲ್ಲ? ಕಡೆದಿಟ್ಟಂಥ ರೂಪದವರು ಬಂದರು, ಅವರದು ಬಾಯಿ ಬಿಟ್ಟರೆ ಬಣ್ಣಗೇಡು. ಕಂಚಿನ ಕಂಠದವರು ಬಂದರು. ಅಪ್ಪನ ಹೆಸರು ಹೊತ್ತು ಬಂದವರು ಅಪ್ಪನ ಹೆಸರನ್ನೂ ಕಳೆದು ಹೋದರು. ಮೈಯೆಲ್ಲ ಗಂಟುಕಟ್ಟಿಸಿಕೊಂಡು ಬಂದ ಒಬ್ಬನಂತೂ ಪ್ರತಿ ಶಾಟಿನ ನಡುವೆ ಕನ್ನಡಿ ನೋಡಿಕೊಳ್ಳುತ್ತಿದ್ದ, ಎರಡು ಸಿನಿಮಾ ಆದ ಮೇಲೆ ನೋಡಿಕೊಳ್ಳಲು ಕನ್ನಡಿಯೊಂದೇ ಉಳಿಯಿತು. ಇವರೆಲ್ಲ ನೆರಳಣ್ಣ ಬಿಟ್ಟ ಜಾಗಕ್ಕೆ ಬಂದು ನಿಲ್ಲುತ್ತಿದ್ದರು, ಎಲ್ಲಿ ನಿಲ್ಲಬೇಕೆಂದು ಹಾಕಿದ ಸುಣ್ಣದ ಗುರುತನ್ನು ಮಾತ್ರ ನೋಡುತ್ತಿದ್ದರು.

ದೊಡ್ಡ ನಟ ಹಾಗಲ್ಲ. ಅವನು ಬರುವಾಗ ನೆರಳಣ್ಣನ ಹತ್ತಿರ ಒಂದು ಕ್ಷಣ ನಿಲ್ಲುತ್ತಿದ್ದ. ಬಿಸಿಲಿರಲಿ, ಧೂಳಿರಲಿ, ನಿರ್ಮಾಪಕರು ಗಡಿಯಾರ ನೋಡುತ್ತಿರಲಿ, ಕೇಳದೆ ಇರುತ್ತಿರಲಿಲ್ಲ.

“ಏನಿದೆ ಅಲ್ಲಿ?”

“ಬಲಗಡೆ ಕೆನ್ನೆ ಸುಡುತ್ತೆ ಸಾರ್. ಎಡಗಡೆ ಕಿಟಕಿಯಿಂದ ಗಾಳಿ ಬರ್ತದೆ, ಪರದೆ ಆಗಾಗ ಕೈಗೆ ತಾಗುತ್ತೆ.”

ಇಷ್ಟೇ ಮಾತು. ಆಮೇಲೆ ಶಾಟಿನಲ್ಲಿ ಆ ಪರದೆ ಕೈಗೆ ತಾಗಿದಾಗ ದೊಡ್ಡ ನಟ ಸತ್ತುಹೋದ ತಾಯಿಯ ಸೆರಗು ತಾಗಿತೇನೋ ಎಂಬಂತೆ ತಿರುಗಿ ನೋಡಿಬಿಡುತ್ತಿದ್ದ. ಕಥೆಯಲ್ಲಿ ಅದು ಬರೆದಿರಲೇ ಇಲ್ಲ. ಥಿಯೇಟರಿನಲ್ಲಿ ಜನ ಮೂಗು ಒರೆಸಿಕೊಳ್ಳುತ್ತಿದ್ದರು, ನೆರಳಣ್ಣ ಕತ್ತಲಲ್ಲಿ ಕೂತು ಎದೆ ಉಬ್ಬಿಸುತ್ತಿದ್ದ.

ಆದರೆ ಹೆಂಡತಿಗೆ ಒಂದು ಆಸೆ ಇತ್ತು. ಮದುವೆಯಾದ ಹೊಸದರಲ್ಲಿ ಅವಳು ಅವನ ಜೊತೆ ಪ್ರತಿ ಸಿನಿಮಾಗೂ ಹೋಗಿ, “ಎಲ್ಲಿದ್ದೀರಿ ನೀವು?” ಎಂದು ಪರದೆಯ ಮೂಲೆ ಮೂಲೆ ಹುಡುಕುತ್ತಿದ್ದಳು. ವರ್ಷಗಳು ಉರುಳಿದ ಮೇಲೆ ಕೇಳುವುದನ್ನು ಬಿಟ್ಟಳು, ಹುಡುಕುವುದನ್ನು ಬಿಡಲಿಲ್ಲ. ಒಮ್ಮೆಯಾದರೂ ಅವಳಿಗೆ ಬೆರಳು ಮಾಡಿ ತೋರಿಸಬೇಕು, ಅದೋ ನಾನು ಎನ್ನಬೇಕು ಎಂಬುದು ಅವನ ಆಸೆಯೂ ಆಗಿತ್ತು. ಬೇರೇನನ್ನೂ ಅವನು ದೇವರಲ್ಲಿ ಕೇಳಿಕೊಂಡವನಲ್ಲ.

ಆ ಅವಕಾಶ ದೊಡ್ಡ ನಟನ ಮಂಡಿಯ ರೂಪದಲ್ಲಿ ಬಂತು.

ಆಗ ತೆಗೆಯುತ್ತಿದ್ದ ಸಿನಿಮಾ ಮುಚ್ಚಿಹೋದ ಕಾರ್ಖಾನೆಯೊಂದರ ಕಾರ್ಮಿಕನ ಕಥೆ. ಕೊನೆಯ ದೃಶ್ಯದಲ್ಲಿ ಅವನು ಕೆಲಸವಿಲ್ಲವೆಂದು ಗೊತ್ತಿದ್ದೂ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಗೇಟಿನವರೆಗೆ ನಡೆದು ಬರುತ್ತಾನೆ. ಕ್ಯಾಮೆರಾ ಹಿಂದಿನಿಂದ, ಕಾಣುವುದು ಬೆನ್ನು ಮಾತ್ರ. ಚಿತ್ರೀಕರಣಕ್ಕೆ ಸಿಕ್ಕಿದ್ದು ನಿಜವಾಗಿಯೂ ಮುಚ್ಚಿದ್ದ ಒಂದು ಹಳೆಯ ಕಾರ್ಖಾನೆ, ಮರುದಿನ ಅದರ ಗೇಟು ಕೆಡವುವವರಿದ್ದರು. ಚಿತ್ರೀಕರಣದ ಹಿಂದಿನ ದಿನ ದೊಡ್ಡ ನಟ ಮೆಟ್ಟಿಲಲ್ಲಿ ಜಾರಿ ಮಂಡಿ ಊದಿಸಿಕೊಂಡ. ಹತ್ತು ದಿನ ನಡೆಯಕೂಡದೆಂದು ಡಾಕ್ಟರು ಅಪ್ಪಣೆ ಮಾಡಿದರು.

“ಬೆನ್ನು ತಾನೇ? ನೀವೇ ನಡೆದುಬಿಡಿ ನೆರಳಣ್ಣ,” ಎಂದ ನಿರ್ದೇಶಕ. ನೆರಳಣ್ಣನ ಮಗನ ವಯಸ್ಸಿನವನು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ,” ಎಂದು ದೀಪದ ಮೇಸ್ತ್ರಿ ನಕ್ಕ. ನೆರಳಣ್ಣ ಮಾತ್ರ ನಗಲಿಲ್ಲ. ಮನೆಗೆ ಫೋನ್ ಮಾಡಿ, “ಇವತ್ತು ಬಾ,” ಎಂದ. ಅವಳು ಬಟ್ಟೆ ಒಗೆಯುವುದನ್ನು ಅರ್ಧಕ್ಕೆ ಬಿಟ್ಟು, ಒಳ್ಳೆಯ ಸೀರೆ ಉಟ್ಟು, ಎರಡು ಬಸ್ಸು ಬದಲಾಯಿಸಿ ಬಂದಳು. ಹಗ್ಗ ಕಟ್ಟಿ ತಡೆದ ಜನರ ನಡುವೆ ನಿಂತಳು. ಗಂಡನ ಕೆಲಸದ ಜಾಗ ಅವಳು ಕಂಡದ್ದು ಅದೇ ಮೊದಲು.

ನೆರಳಣ್ಣ ಬೆಳಗ್ಗೆ ಏಳರಿಂದ ಗೇಟಿನೆದುರು ನಿಂತಿದ್ದ. ದೀಪ ಹೊಂದಿತು. ಡಬ್ಬಿ ಕೈಗೆ ಬಂತು. ನಿರ್ದೇಶಕ ‘ರೆಡಿ’ ಎಂದ.

ನೆರಳಣ್ಣ ಸರ್ರನೆ ಪಕ್ಕಕ್ಕೆ ಸರಿದು ನಿಂತುಬಿಟ್ಟ.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಕ್ಯಾಮೆರಾದ ಎದುರು ಗೇಟು ಇತ್ತು, ಬಿಸಿಲಿತ್ತು, ಮನುಷ್ಯ ಇರಲಿಲ್ಲ. ಮೂವತ್ತೊಂದು ವರ್ಷ ಆ ಮಾತು ಕೇಳಿದ ಕೂಡಲೇ ಜಾಗ ಬಿಟ್ಟ ಕಾಲು, ತಾನಾಗಿ ಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣವೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ದೀಪದವರು ಹೊಟ್ಟೆ ಹಿಡಿದು ನಕ್ಕರು, ಜನವೂ ನಕ್ಕಿತು. ಅವನು ಮೊದಲು ನೋಡಿದ್ದು ಹೆಂಡತಿಯ ಮುಖವನ್ನು. ಅವಳೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅದರಿಂದ ಅವನಿಗೆ ಧೈರ್ಯ ಬಂತು.

ಎರಡನೆಯ ಸಲ ಸರಿಯಾಗಿ ನಡೆದ. ಹದಿನೈದು ಹೆಜ್ಜೆ, ಗೇಟಿನ ಮುಂದೆ ನಿಂತ, ತಲೆ ತಗ್ಗಿಸಿದ. “ಓಕೆ, ಚೆನ್ನಾಗಿದೆ,” ಎಂದ ನಿರ್ದೇಶಕ. ಹೆಂಡತಿ ಪಕ್ಕದವಳಿಗೆ ಏನೋ ಹೇಳುತ್ತಾ ಹೂವಿನ ಹಾಗೆ ಅರಳಿದ್ದಳು. ನೆರಳಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಲ್ಲಿಗೇ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಅವನು ಹೋಗಿ ನಿರ್ದೇಶಕನ ಮುಂದಿದ್ದ ಟೀವಿಯಂಥ ಸಣ್ಣ ಪೆಟ್ಟಿಗೆಯಲ್ಲಿ ಶಾಟ್ ನೋಡಿದ.

ಎತ್ತರ ಅದೇ, ಅಂಗಿ ಅದೇ, ನಡಿಗೆಯೂ ಹೆಚ್ಚುಕಡಿಮೆ ಅದೇ. ಒಬ್ಬ ಮನುಷ್ಯ ಗೇಟಿನವರೆಗೆ ನಡೆದು ಹೋಗಿ ನಿಂತ. ಅಷ್ಟೇ ಇತ್ತು ಅದರಲ್ಲಿ. ಅವನು ನಡೆಯುವಾಗ ಹಗ್ಗದಾಚೆಯ ಜನ ತಮ್ಮ ಪಾಡಿಗೆ ಹರಟುತ್ತಿದ್ದುದು ಈಗ ನೆನಪಾಯಿತು. ಬಾಯಿಗೆ ಬೀಗ ಹಾಕಿಕೊಂಡರೆ ಆ ಬೆನ್ನು ಅವನದು, ಹೆಂಡತಿಗೆ ಬೆರಳು ಮಾಡಿ ತೋರಿಸಬಹುದು. ಬಾಯಿ ಬಿಟ್ಟರೆ ಅದೂ ಹೋಯಿತು. ಅವನು ಒಮ್ಮೆ ತಿರುಗಿ ಅವಳನ್ನು ನೋಡಿದ.

“ಇದು ಆಗಿಲ್ಲ ಸಾರ್,” ಎಂದ.

ನಿರ್ದೇಶಕ ಹುಬ್ಬೇರಿಸಿದ. “ಬೆನ್ನು ನೆರಳಣ್ಣ. ಯಾರಿಗೆ ಗೊತ್ತಾಗುತ್ತೆ?”

“ಜನಕ್ಕೆ ಗೊತ್ತಾಗುತ್ತೆ. ಯಾಕೆ ಅಂತ ಅವರಿಗೆ ಹೇಳೋಕೆ ಬರಲ್ಲ. ಎದ್ದು ಮನೆಗೆ ಹೋಗೋಕೆ ಚಪ್ಪಲಿ ಹುಡುಕ್ತಾರೆ.”

“ಅವರು ನಡೆಯೋಕೆ ಆಗಲ್ಲವಲ್ಲ.”

“ನಡೆಯೋದು ಬೇಡ, ಆ ನಡಿಗೆ ಶಾಟೇ ಬಿಟ್ಟುಬಿಡಿ. ಗೇಟಿನ ಮುಂದೆ ನಿಂತರೆ ಸಾಕು. ಕಥೆ ಇರೋದು ನಡಿಗೆಯಲ್ಲಲ್ಲ ಸಾರ್, ಅಲ್ಲೇ.”

ದೊಡ್ಡ ನಟನ ನಂಬರು ಅವನ ಹತ್ತಿರ ಎಂದಿನಿಂದಲೂ ಇತ್ತು, ಒಂದು ದಿನವೂ ಒತ್ತಿರಲಿಲ್ಲ. ಒತ್ತಿದ. ಆ ಕಡೆಯಿಂದ ಮಂಡಿಯ ಮಾತು ಬರಲಿಲ್ಲ, ಡಾಕ್ಟರ ಮಾತು ಬರಲಿಲ್ಲ.

“ಏನಿದೆ ಅಲ್ಲಿ?” ಎಂದಿತು ಆ ದನಿ.

“ನೆಲ ಇಳಿಜಾರು ಸಾರ್, ಕಾಲು ತಾನಾಗೇ ಒಳಗೆ ಎಳೆಯುತ್ತೆ, ನಿಲ್ಲೋದೇ ಕಷ್ಟ. ದೊಡ್ಡ ಗೇಟಲ್ಲಿ ಒಂದು ಸಣ್ಣ ಬಾಗಿಲಿದೆ. ಅದರಲ್ಲಿ ಒಂದು ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ ಕಬ್ಬಿಣ ಹೊಳೀತಾ ಇದೆ. ಎಷ್ಟೋ ವರ್ಷ ಎಲ್ಲರೂ ಕೈಯಿಟ್ಟು ತಳ್ಳಿದ ಜಾಗ. ಅಲ್ಲಿ ನಿಂತರೆ ಕೈ ಹೋಗಬೇಕು ಅನಿಸುತ್ತೆ.”

“ಬರ್ತೀನಿ,” ಎಂದು ಫೋನ್ ಇಟ್ಟಿತು.

ನಾಲ್ಕು ಗಂಟೆಗೆ ಕಾರು ಬಂತು. ಜನ ಹಗ್ಗ ಹರಿಯುವಂತೆ ನುಗ್ಗಿತು, ಕೂಗಿತು. ದೊಡ್ಡ ನಟ ಕೋಲು ಊರಿಕೊಂಡು, ಹಲ್ಲು ಕಚ್ಚಿ ಇಳಿದ. ಅರವತ್ತರ ಮುದುಕ, ಕಣ್ಣ ಕೆಳಗೆ ಚೀಲ, ಊದಿದ ಕಾಲು. ರೂಪವೆಂದರೆ ಅಂದು ನೆರಳಣ್ಣನದೇ ಒಂದು ಕೈ ಮೇಲಿತ್ತು. ನಿರ್ದೇಶಕ ‘ರೆಡಿ’ ಎಂದ, ನೆರಳಣ್ಣ ಜಾಗ ಬಿಟ್ಟ. ದೊಡ್ಡ ನಟ ಅವನ ಕೈಗೆ ಕೋಲು ಕೊಟ್ಟು, ಡಬ್ಬಿ ತೆಗೆದುಕೊಂಡು ಹೋಗಿ ನಿಂತ.

ನಿಂತ, ಅಷ್ಟೇ. ಇಳಿಜಾರು ಎಳೆಯುವುದು ಆ ಹಿಮ್ಮಡಿಯಲ್ಲಿ ಕಂಡಿತು. ಎಷ್ಟೋ ಹೊತ್ತಾದ ಮೇಲೆ ಬಲಗೈ ಮೆಲ್ಲನೆ ಎದ್ದು ಆ ಬಣ್ಣಗೆಟ್ಟ ಜಾಗದ ಕಡೆಗೆ ಹೋಯಿತು. ಇನ್ನೊಂದು ಗೇಣಿದೆ ಎನ್ನುವಾಗ ನಿಂತಿತು. ಆಮೇಲೆ ಆ ಕೈ ಡಬ್ಬಿಯ ಮುಚ್ಚಳ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡಿತು, ಅದಕ್ಕೇ ಎದ್ದದ್ದು ಎಂಬ ಹಾಗೆ.

ಕೂಗುತ್ತಿದ್ದ ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ದೀಪದ ಮೇಸ್ತ್ರಿ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ನೆರಳಣ್ಣ ಬೆಳಗಿನಿಂದ ಅಲ್ಲಿ ನಿಂತು ತಿಳಿದುಕೊಂಡದ್ದನ್ನೆಲ್ಲ ಆ ಮನುಷ್ಯ ಒಂದು ನಿಮಿಷದಲ್ಲಿ ಬೀದಿಗೆಲ್ಲ ತಿಳಿಸಿಬಿಟ್ಟಿದ್ದ. ಭಾವಮೈದುನನ ಪ್ರಶ್ನೆಗೆ ಇಷ್ಟು ವರ್ಷ ಸಿಗದಿದ್ದ ಉತ್ತರ ಇದೇ: ನನಗೆ ಕೈ ಹೋಗಬೇಕು ಅನಿಸಿತು, ಅವರ ಕೈ ಹೋಯಿತು.

ಶಾಟ್ ಮುಗಿದ ಮೇಲೆ ದೊಡ್ಡ ನಟ ಕೋಲು ಕೇಳಲಿಲ್ಲ. ನೆರಳಣ್ಣನ ಹೆಗಲ ಮೇಲೆ ಭಾರವೆಲ್ಲ ಬಿಟ್ಟು ಕಾರಿನವರೆಗೆ ನಡೆದ. ಇಬ್ಬರೂ ಒಂದೇ ಎತ್ತರ, ಹೆಗಲು ಸರಿಯಾಗಿ ಸಿಕ್ಕಿತು.

ಬಸ್ಸಿಗೆ ಕಾಯುವಾಗ ಹೆಂಡತಿ ದಾರಿಯ ಕಡೆಗೇ ನೋಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ತನ್ನ ಗಂಡನೇ ಕೈಯಾರೆ ಚೆಲ್ಲಿದ ಎಂದು ಅವಳಿಗೆ ಸಂಕಟವಾಗಿರಬೇಕೆಂದು ನೆರಳಣ್ಣ ಅಂದುಕೊಂಡ. ಕೊನೆಗೆ ಅವನೇ ಕೇಳಿದ.

“ಬೇಜಾರಾಯ್ತಾ?”

“ನೀವು ನಡೆದಾಗ ನನಗೆ ಖುಷಿ ಆಯ್ತು,” ಎಂದಳು. “ಅವರು ನಿಂತಾಗ ಅಳು ಬಂತು. ಸುಳ್ಳು ಯಾಕೆ ಹೇಳಲಿ.”

“ನನಗೂ ಬಂತು.”

“ಪಕ್ಕದಲ್ಲಿದ್ದವಳು ಕೇಳಿದಳು, ಇಷ್ಟು ಕಾಲು ನೋವಲ್ಲಿ ಅವರು ಯಾಕೆ ಬಂದ್ರು, ಯಾರು ಕರೆದ್ರು ಅಂತ.”

“ಏನಂದೆ?”

ಬಸ್ಸು ಬಂತು. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, ಮೊದಲು ತಾನೇ ಹತ್ತಿ, ಇದ್ದ ಒಂದೇ ಖಾಲಿ ಸೀಟಿನ ಮೇಲೆ ಕೈಯಿಟ್ಟು ಅವನಿಗಾಗಿ ಹಿಡಿದಳು.

“ಕೂತ್ಕೊಳ್ಳಿ,” ಎಂದಳು. “ಬೆಳಗ್ಗೆಯಿಂದ ನಿಂತಿದ್ದೀರಿ. ‘ನಮ್ಮವರು ಕರೆದ್ರು’ ಅಂದೆ.”